ಬೀದಿಯಲ್ಲಿ ಅಣ್ಣಾವ್ರ ಸಿನಿಮಾ: ಪರದೆ ಕಟ್ಟೋದು ಸುಲಭ, ಆಮೇಲಿನ ಲೆಕ್ಕ ಯಾರದ್ದು?

ಕಳೆದ ಭಾನುವಾರ, ಏಪ್ರಿಲ್ 12. ಸಂಜೆ ಏಳೂವರೆಗೆ ಸಂತೆಮಾಳದ ಹಿಂದಿನ ಬೀದಿಯಲ್ಲಿ ಎರಡು ಲೈಟ್ ಕಂಬಗಳ ನಡುವೆ ಬಿಳಿ ಬಟ್ಟೆ ಕಟ್ಟಿ, ಗಾಳಿಗೆ ಹಾರದಿರಲಿ ಅಂತ ಕೆಳಗಡೆ ಇಟ್ಟಿಗೆ ಇಟ್ಟಿದ್ದರು. ಪಕ್ಕದ ಟೇಬಲ್ ಮೇಲೆ ಅಣ್ಣಾವ್ರ ಫೋಟೋ, ಸೇವಂತಿಗೆ ಹಾರ, ಊದುಬತ್ತಿ. ಎದುರಿಗೆ ಶಾಮಿಯಾನದವರ ಪ್ಲಾಸ್ಟಿಕ್ ಕುರ್ಚಿ ನಲವತ್ತೋ ಐವತ್ತೋ. ಕುರ್ಚಿ ಸಾಲದೆ ಹೆಂಗಸರು ಮನೆಯಿಂದ ಚಾಪೆ ತಂದು ಮುಂದೆ ಕೂತರು. ಸಿನಿಮಾ ‘ಕಸ್ತೂರಿ ನಿವಾಸ’.

ಎಲ್ಲ ಸರಿಯಾಗೇ ನಡೀತಿತ್ತು. ಮುಕ್ಕಾಲು ಸಿನಿಮಾ ಮುಗಿದು, ಕೊಟ್ಟು ಕೊಟ್ಟು ಬರಿಗೈಯಾದ ರವಿವರ್ಮ ಸುಮ್ಮನೆ ಕೂತಿರೋ ಹೊತ್ತಿಗೆ ಪರದೆ ಮೇಲೆ ದಿಢೀರನೆ ಸಾಲ ಕೊಡೋ ಆ್ಯಪ್ ಒಂದರ ಜಾಹೀರಾತು ಬಂತು. ಆಧಾರ್ ಇದ್ದರೆ ಸಾಕು, ಐದು ನಿಮಿಷದಲ್ಲಿ ದುಡ್ಡು ಖಾತೆಗೆ, ಅಂತ. ಸೆರಗಲ್ಲಿ ಕಣ್ಣೊರೆಸಿಕೊಳ್ತಿದ್ದ ಅಜ್ಜಿ ಹಂಗೇ ಕೈ ನಿಲ್ಲಿಸಿದರು. ಹಿಂದೆ ನಿಂತಿದ್ದ ಹುಡುಗರು ರವಿವರ್ಮಂಗೆ ಇದು ಮೊದಲೇ ಗೊತ್ತಿದ್ದಿದ್ರೆ ಬಚಾವಾಗ್ತಿದ್ದ ಅಂತ ನಗಾಡಿದರು, ಇಡೀ ಬೀದಿ ನಕ್ಕಿತು. ಲ್ಯಾಪ್‌ಟಾಪ್ ಹತ್ರ ಇದ್ದ ಹುಡುಗ ಟೀ ಲೋಟ ಬಿಟ್ಟು ಓಡಿ ಬಂದು ಸ್ಕಿಪ್ ಒತ್ತಿದ. ಐದು ನಿಮಿಷ ಆಗಲಿಲ್ಲ, ಮತ್ತೆ ಎಲ್ಲರ ಕಣ್ಣೂ ಒದ್ದೆ.

ಇದನ್ನ ಬರೀಬೇಕು ಅನ್ನಿಸಿದ್ದು ಆ ಜಾಹೀರಾತಿನಿಂದ. ಅಣ್ಣಾವ್ರು ತೀರಿಕೊಂಡು ಆವತ್ತಿಗೆ ಸರಿಯಾಗಿ 20 ವರ್ಷ. ಇನ್ನು ಇದೇ 24ಕ್ಕೆ ಹುಟ್ಟಿದ ದಿನ. ಈ ಎರಡು ತಾರೀಖಿನ ನಡುವೆ ಜಿಲ್ಲೆಯಲ್ಲಿ ಬೀದಿಬೀದಿಗೆ ಪರದೆ ಏಳುತ್ತೆ. ಇದು ಬರೀ ಅಭಿಮಾನದ ವಿಷಯ ಅಂತ ನಾವೆಲ್ಲ ಫೋಟೋ ಹೊಡೆದು ನಾಲ್ಕು ಸಾಲು ಸುದ್ದಿ ಹಾಕಿ ಕೈ ತೊಳ್ಕೋತೀವಿ. ನಾನೂ ಮೂರು ವರ್ಷದಿಂದ ಅದನ್ನೇ ಮಾಡಿದ್ದೀನಿ. ಆದರೆ ಈ ಪರದೆಗೆ ಚಂದಾ ಕೊಡೋರು ನಮ್ಮ ಓದುಗರೇ ಆಗಿರೋ ಅಂಗಡಿಯವರು. ಪರದೆ ಏಳ್ತಿರೋದು ಊರಿನ ಟಾಕೀಸು ಬಾಗಿಲು ಹಾಕೋ ಹೊತ್ತಲ್ಲಿ. ಹಾಗಾಗಿ ಒಂದು ಸಲ ಸರಿಯಾಗಿ ಲೆಕ್ಕ ನೋಡೋಣ.

ಪರದೆ ಬೀದಿಗೆ ಯಾಕೆ ಬಂತು

ಮೊದಲು ನಮ್ಮ ಜಿಲ್ಲೆಯ ಮಾತು. ಬೇರೆ ಜಿಲ್ಲೆಯವರಿಗೆ ರಾಜ್‌ಕುಮಾರ್ ನಟ, ನಮ್ಮ ಕಡೆಯವರಿಗೆ ನೆಂಟ. ಸಿಂಗಾನಲ್ಲೂರು ಅನ್ನೋದು ಅವರ ಹೆಸರಿನ ಜೊತೆಗೇ ಇತ್ತು, ಅದು ಕೊಳ್ಳೇಗಾಲ ಸೀಮೆ. ಹುಟ್ಟಿ ಬೆಳೆದ ಗಾಜನೂರು ಇವತ್ತು ತಮಿಳುನಾಡಿಗೆ ಸೇರಿದ್ದರೂ ತಾಳವಾಡಿ ಬಸ್ಸು ಹತ್ತಿದರೆ ಅಲ್ಲಿ ಮಾತು ಕನ್ನಡವೇ, ವ್ಯಾಪಾರಕ್ಕೆ ಅವರು ಬರೋದು ಚಾಮರಾಜನಗರಕ್ಕೇ. 2000ನೇ ಇಸವಿ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನ ಕರ್ಕೊಂಡು ಹೋಗಿದ್ದೂ ಅದೇ ಗಾಜನೂರಿನ ಮನೆಯಿಂದ. ಆ 108 ದಿನ ಈ ಕಡೆ ಮನೆಮನೇಲಿ ಹೆಂಗಿತ್ತು ಅನ್ನೋದನ್ನ ಈಗಲೂ ಹಿರಿಯರು ನೆನ್ನೆ ನಡೆದಂಗೆ ಹೇಳ್ತಾರೆ. ನಾನಾಗ ತೊಟ್ಟಿಲಲ್ಲಿದ್ದೆ. ನನಗೆ ಅಣ್ಣಾವ್ರು ಸಿಕ್ಕಿದ್ದು ಟಿವಿಯಲ್ಲಿ, ಭಾನುವಾರ ಮಧ್ಯಾಹ್ನ, ಹತ್ತು ನಿಮಿಷಕ್ಕೊಂದು ಸೋಪಿನ ಜಾಹೀರಾತಿನ ನಡುವೆ.

ಅದೇ ನೋಡಿ, ವ್ಯತ್ಯಾಸ ಇರೋದು ಅಲ್ಲಿ. ನನ್ನ ವಯಸ್ಸಿನವರಲ್ಲಿ ಹೆಚ್ಚಿನವರು ‘ಬಂಗಾರದ ಮನುಷ್ಯ’ವನ್ನ ಇನ್ನೂರು ಜನರ ಜೊತೆ ಕೂತು ನೋಡಿಲ್ಲ. ನಮ್ಮಪ್ಪನ ಕಾಲದವರು ನೋಡಿದ್ದು ಟೂರಿಂಗ್ ಟಾಕೀಸಿನಲ್ಲಿ, ನೆಲದ ಮೇಲೆ ಮಣ್ಣು ಗುಡ್ಡೆ ಹಾಕ್ಕೊಂಡು ಅದರ ಮೇಲೆ ಕೂತು. ಟೆಂಟಿನ ಮೈಕಲ್ಲಿ ದೇವರ ಹಾಡು ಹಾಕಿದರೆ ಟಿಕೆಟ್ ಕೊಡೋಕೆ ಶುರು ಅಂತ ಸುತ್ತಲ ನಾಲ್ಕು ಹಳ್ಳಿಗೆ ಗೊತ್ತಾಗ್ತಿತ್ತು. ಗಾಡಿ ಕಟ್ಟಿಕೊಂಡು ಬರ್ತಿದ್ದರು. ಆ ಸಿನಿಮಾ ಬೆಂಗಳೂರಿನ ಸ್ಟೇಟ್ಸ್ ಟಾಕೀಸಿನಲ್ಲಿ ಎರಡು ವರ್ಷ ಓಡಿತು ಅನ್ನೋದು ಎಲ್ಲರಿಗೂ ಗೊತ್ತಿರೋ ದಾಖಲೆ. ಹಳ್ಳಿ ಟೆಂಟುಗಳಲ್ಲಿ ಎಷ್ಟು ಸಲ ಬಂದು ಹೋಯ್ತೋ ಅದನ್ನ ಯಾರೂ ಬರೆದಿಟ್ಟಿಲ್ಲ. ಪ್ರಿಂಟು ಹಳೇದಾಗಿ ಮಳೆ ಸುರಿದಂಗೆ ಗೀಟು ಬಂದ ಮೇಲೂ ಜನ ಬಂದರು.

ಟೂರಿಂಗ್ ಟಾಕೀಸು ಹೋಯ್ತು. ಆಮೇಲೆ ತಾಲೂಕು ಕೇಂದ್ರದ ಪರ್ಮನೆಂಟ್ ಟಾಕೀಸುಗಳು ಒಂದೊಂದಾಗಿ ಕಲ್ಯಾಣ ಮಂಟಪ, ಗೋಡೌನು, ಕಾಂಪ್ಲೆಕ್ಸ್ ಆದವು. ಉಳಿದ ಒಂದೋ ಎರಡೋ ಕಡೆ ದೊಡ್ಡ ಹೀರೋ ಸಿನಿಮಾ ಬಂದಾಗ ಮೂರು ದಿನ ಜನ, ಮಿಕ್ಕ ದಿನ ಫ್ಯಾನು ತಿರುಗೋ ಸದ್ದು. ಇತ್ತ ಪ್ರೊಜೆಕ್ಟರ್ ಅಗ್ಗ ಆಯ್ತು. ಮದುವೆ ಫೋಟೋ ಸ್ಟುಡಿಯೋದವರ ಹತ್ರ ಈಗ ಒಂದೊಂದು ಇದ್ದೇ ಇದೆ, ಕ್ರಿಕೆಟ್ ಫೈನಲ್‌ಗೆ, ಗಣಪತಿಗೆ ಅಂತ ಬಾಡಿಗೆಗೆ ಕೊಡ್ತಾರೆ. ಸಿನಿಮಾ ಮೊಬೈಲಲ್ಲೇ ಸಿಗುತ್ತೆ. ಮೈಕ್‌ಸೆಟ್ಟಿನವನಿಗೆ ಒಂದು ಫೋನ್ ಮಾಡಿದರೆ ಮುಗೀತು. ಹತ್ತು ವರ್ಷದ ಹಿಂದೆ ಅಣ್ಣಾವ್ರ ಹುಟ್ಟುಹಬ್ಬ ಅಂದರೆ ಆರ್ಕೆಸ್ಟ್ರಾ. ಈಗ ಆರ್ಕೆಸ್ಟ್ರಾದವರು ಕೇಳೋ ದುಡ್ಡಿಗೆ ಬೀದಿ ಸಂಘದವರು ಹೆದರಿ ಸಿನಿಮಾ ಹಾಕ್ತಿದ್ದಾರೆ. ಅಭಿಮಾನ ಇಲ್ಲ ಅಂತ ಹೇಳ್ತಿಲ್ಲ. ಅಭಿಮಾನಕ್ಕೆ ಇದು ಕಮ್ಮಿ ಖರ್ಚಿನ ದಾರಿ, ಅಷ್ಟೆ.

ಅಂಗಡಿಯವರ ಲೆಕ್ಕ

ಭಾನುವಾರದ ಪರದೆ ಪಕ್ಕದಲ್ಲಿ ಕಡಲೆಪುರಿ ಗಾಡಿ, ಐಸ್‌ಕ್ರೀಮ್ ಗಾಡಿ, ಒಂದು ಟೀ ಅಂಗಡಿ. ಮೂವರಿಗೂ ಒಳ್ಳೇ ವ್ಯಾಪಾರ. ಟೀ ಅಂಗಡಿಯವರು ಒಂಬತ್ತಕ್ಕೆ ಹಾಲು ಮುಗೀತು ಅಂತ ಮನೆಯಿಂದ ತರಿಸಿದರು. ಅದೇ ಬೀದಿಯ ಬಟ್ಟೆ ಅಂಗಡಿ, ಮೊಬೈಲ್ ಅಂಗಡಿ, ಪಾತ್ರೆ ಅಂಗಡಿಯವರು ಆರು ಗಂಟೆಗೇ ಷಟರ್ ಎಳೆದರು, ಯಾಕಂದ್ರೆ ರಸ್ತೆ ಬಂದ್, ಗಿರಾಕಿ ಗಾಡಿ ನಿಲ್ಲಿಸೋಕೆ ಜಾಗ ಇಲ್ಲ. ಚಂದಾ ಮಾತ್ರ ಎಲ್ಲರಿಂದಲೂ. ಷಟರ್ ಎಳೆದವರು ಕೊಟ್ಟಿದ್ದು ಜಾಸ್ತಿ, ಗಾಡಿಯವರು ಕೊಟ್ಟಿದ್ದು ಕಮ್ಮಿ. ಇದರಲ್ಲಿ ತಪ್ಪೇನಿಲ್ಲ ಅನ್ನಬಹುದು, ಊರ ಹಬ್ಬಕ್ಕೂ ಹಿಂಗೇ ಅಲ್ವಾ. ಆದರೆ ಇದೇ ಎರಡು ವಾರದಲ್ಲಿ ಒಂದೇ ಅಂಗಡಿಗೆ ಮೂರು ಬೀದಿಯ ಸಂಘದವರು ಬೇರೆ ಬೇರೆ ರಸೀದಿ ಪುಸ್ತಕ ಹಿಡ್ಕೊಂಡು ಬಂದರೆ ಅಂಗಡಿಯವರಿಗೆ ಅಣ್ಣಾವ್ರ ಹೆಸರು ಕೇಳಿದರೇ ಗಲ್ಲಾಪೆಟ್ಟಿಗೆ ಮುಚ್ಚೋ ಹಂಗಾಗುತ್ತೆ. ಇದು ಆಗಬಾರದು.

ಟಾಕೀಸಿದ್ದಾಗ ಲೆಕ್ಕ ಬೇರೆ ಇತ್ತು. ಸೈಕಲ್ ಸ್ಟ್ಯಾಂಡು, ಎದುರಿನ ಹೋಟೆಲು, ಬೀಡಾ ಅಂಗಡಿ, ಸೆಕೆಂಡ್ ಶೋ ಬಿಟ್ಟ ಮೇಲೆ ಕಾಯ್ತಿದ್ದ ಆಟೋ, ಪೋಸ್ಟರ್ ಅಂಟಿಸೋ ಹುಡುಗ. ಯಾರೂ ಚಂದಾ ಕೊಡ್ತಿರಲಿಲ್ಲ, ಎಲ್ಲರಿಗೂ ದಿನಾ ನಾಲ್ಕು ಸಲ ಜನ ಸಿಗ್ತಿದ್ದರು. ಒಂದು ಟಾಕೀಸು ಮುಚ್ಚಿದರೆ ಆ ರಸ್ತೆಯಲ್ಲಿ ಸಂಜೆ ಏಳರ ಮೇಲೆ ಯಾವ ಅಂಗಡಿ ತೆರೆದಿರುತ್ತೆ ಅಂತ ಒಂದು ಸಲ ನಡ್ಕೊಂಡು ಹೋಗಿ ನೋಡಿ, ಗೊತ್ತಾಗುತ್ತೆ. ನಮ್ಮೂರ ಟಾಕೀಸಿನ ಎದುರಿನ ಹೋಟೆಲು ಈಗ ಸಂಜೆ ನಾಲ್ಕಕ್ಕೆ ಒಲೆ ಆರಿಸುತ್ತೆ.

ಟಾಕೀಸಿನವರನ್ನ ಮಾತಾಡಿಸಿದೆ. ಅವರ ಬೇಜಾರು ಒಂದೇ: ಊರಲ್ಲಿ ಟಾಕೀಸು ಉಳೀಬೇಕು ಅಂತ ಭಾಷಣ ಮಾಡೋರೇ ಟಾಕೀಸಿನಿಂದ ಕೂಗಳತೆ ದೂರದಲ್ಲಿ ಫ್ರೀ ಸಿನಿಮಾ ಹಾಕ್ತಾರೆ. ಆವತ್ತು ಫಸ್ಟ್ ಶೋಗೆ ಟಾಕೀಸಲ್ಲಿ ಇದ್ದವರನ್ನ ಬೆರಳಲ್ಲಿ ಎಣಿಸಬಹುದಿತ್ತು ಅಂದರು. ಅದಕ್ಕೆ ಅಣ್ಣಾವ್ರೇ ಕಾರಣ ಅಂತ ನನಗೆ ಅನ್ನಿಸಲ್ಲ, ಐಪಿಎಲ್ ಮ್ಯಾಚಿನ ಸೀಸನ್ ಬೇರೆ. ಆದರೂ ಮಾತಲ್ಲಿ ಸತ್ಯ ಇಲ್ಲದೇ ಇಲ್ಲ.

ಹಾಗಂತ ಬೀದಿ ಪರದೆ ಬೇಡ ಅನ್ನೋಕೂ ಮನಸ್ಸು ಬರಲ್ಲ. ಚಾಪೆ ಹಾಕ್ಕೊಂಡು ಕೂತಿದ್ದ ಹೆಂಗಸರಲ್ಲಿ ಎಷ್ಟೋ ಜನ ಟಾಕೀಸಿನ ಮೆಟ್ಟಿಲು ಹತ್ತಿ ಇಪ್ಪತ್ತು ವರ್ಷ ಆಗಿರಬಹುದು. ಮಂಡಿ ನೋವು, ಕೈಲಿ ಕಾಸಿಲ್ಲ, ಕರ್ಕೊಂಡು ಹೋಗೋರಿಲ್ಲ. ಅವರಿಗೆ ಸಿನಿಮಾ ಬೀದಿಗೇ ಬರಬೇಕು. ಹುಡುಗರು ಇಪ್ಪತ್ತು ನಿಮಿಷ ನಿಂತು ಮೊಬೈಲಲ್ಲಿ ಸ್ಕೋರ್ ನೋಡ್ಕೊಂಡು ಹೊರಟರು. ಸಣ್ಣ ಮಕ್ಕಳು ಮಾತ್ರ ಕೊನೇವರೆಗೂ ಇದ್ದರು, ಕಪ್ಪು ಬಿಳುಪು ಯಾಕೆ ಅಂತ ಅಜ್ಜಿಯರನ್ನ ಕೇಳ್ತಾ.

ಇನ್ನೊಂದು ಮಾತು ಇಲ್ಲಿ ಹೇಳಲೇಬೇಕು. ‘ಕಸ್ತೂರಿ ನಿವಾಸ’ ಅಂದರೆ ಎಲ್ಲರೂ ತ್ಯಾಗದ ಸಿನಿಮಾ ಅಂತಾರೆ. ಅಂಗಡಿ ಮುಂದೆ ನಿಂತು ನೋಡಿದಾಗ ನನಗೆ ಅದು ವ್ಯಾಪಾರದ ಸಿನಿಮಾ ಅನ್ನಿಸ್ತು. ಬೆಂಕಿಪೊಟ್ಟಣದ ಕಾರ್ಖಾನೆ, ಪಾರಿವಾಳದ ಗುರುತು. ತನ್ನ ಹತ್ರ ಕೆಲಸಕ್ಕಿದ್ದವನೇ ಎದುರಾಳಿಯಾಗಿ ಬೆಳೀತಾನೆ, ಮಾರ್ಕೆಟ್ ಕೈತಪ್ಪುತ್ತೆ, ಯಜಮಾನ ತನ್ನ ಹಳೇ ಮರ್ಯಾದೆ ಬಿಡಲ್ಲ. ಕೊನೆಗೆ ಮನೆಗೆ ಬಂದವರಿಗೆ ಊಟ ಹಾಕೋಕೆ ಪಾರಿವಾಳವನ್ನೇ ಮಾರ್ತಾನೆ, ಬಂದವರು ಕೇಳೋಕೆ ಬಂದಿದ್ದೂ ಅದೇ ಪಾರಿವಾಳವನ್ನ. 1971ರಲ್ಲಿ ದೊರೆ-ಭಗವಾನ್ ಮಾಡಿದ ಸಿನಿಮಾ ಇದು. ಆನ್‌ಲೈನ್ ಆರ್ಡರಿನ ಡೆಲಿವರಿ ಹುಡುಗ ತನ್ನ ಅಂಗಡಿ ಮುಂದೇನೇ ಬೈಕ್ ನಿಲ್ಲಿಸಿ ಪಕ್ಕದ ಮನೆಗೆ ಪಾರ್ಸೆಲ್ ಕೊಡೋದನ್ನ ದಿನಾ ನೋಡೋ ಬಟ್ಟೆ ಅಂಗಡಿಯವರಿಗೆ ಇದು ಹಳೇ ಕತೆ ಅಲ್ಲ. ಷಟರ್ ಎಳೆದಿದ್ದ ಒಬ್ಬರು ಮೆಟ್ಟಿಲ ಮೇಲೆ ಕೂತು ಕಡೇವರೆಗೂ ನೋಡಿದರು. ಮಾತಾಡಿಸೋಕೆ ಹೋದೆ, ತಲೆ ಅಲ್ಲಾಡಿಸಿ ಎದ್ದು ಹೋದರು.

ಕಾನೂನು ಏನನ್ನುತ್ತೆ

ಇದನ್ನ ಬರೆದರೆ ಸಂಘದ ಹುಡುಗರು ಬೇಜಾರಾಗ್ತಾರೆ ಅಂತ ಗೊತ್ತು. ಆದರೂ ತಿಳ್ಕೊಂಡಿರೋದು ಒಳ್ಳೇದು, ಯಾಕಂದ್ರೆ ಯಾರಾದರೂ ಒಬ್ಬ ದೂರು ಕೊಟ್ಟರೆ ಸಿಕ್ಕಿಹಾಕಿಕೊಳ್ಳೋದು ರಸೀದಿ ಪುಸ್ತಕದಲ್ಲಿ ಸಹಿ ಹಾಕಿದವನು.

ಮನೇಲಿ ಸಿನಿಮಾ ನೋಡೋದು ಬೇರೆ, ಸಾರ್ವಜನಿಕವಾಗಿ ತೋರಿಸೋದು ಬೇರೆ. ಟಿಕೆಟ್ ಇಟ್ಟಿಲ್ಲ, ಫ್ರೀಯಾಗಿ ತೋರಿಸ್ತೀವಿ ಅನ್ನೋದು ಇಲ್ಲಿ ಪೂರ್ತಿ ಉತ್ತರ ಅಲ್ಲ. ಮೊಬೈಲಲ್ಲಿ ಉಚಿತವಾಗಿ ಸಿಗುತ್ತೆ ಅಂದರೆ ಬೀದಿಯಲ್ಲಿ ಹಾಕೋಕೆ ಹಕ್ಕು ಸಿಕ್ಕಿತು ಅಂತಲೂ ಅಲ್ಲ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಸಿನಿಮಾ ಮೇಲಿನ ಹಕ್ಕು ಅದು ಬಿಡುಗಡೆಯಾದ ಮುಂದಿನ ವರ್ಷದ ಜನವರಿಯಿಂದ 60 ವರ್ಷ ಇರುತ್ತೆ. ಇದನ್ನ ಅಣ್ಣಾವ್ರ ಸಿನಿಮಾಗಳಿಗೆ ಹಾಕಿ ನೋಡಿ, ಮಜಾ ಇದೆ.

1954ರ ‘ಬೇಡರ ಕಣ್ಣಪ್ಪ’ದ ಅವಧಿ 2014ರ ಕೊನೆಗೇ ಮುಗಿದಿದೆ. ಕಲಾವಿದರೇ ಸೇರಿ ನಿರ್ಮಿಸಿದ 1960ರ ‘ರಣಧೀರ ಕಂಠೀರವ’ದ್ದು 2020ಕ್ಕೆ. 1964ರ ‘ನಾಂದಿ’, ‘ಚಂದವಳ್ಳಿಯ ತೋಟ’ 2024ಕ್ಕೆ. 1965ರ ‘ಸತ್ಯ ಹರಿಶ್ಚಂದ್ರ’ ಈ ವರ್ಷ ಜನವರಿ 1ಕ್ಕೆ ಆಚೆ ಬಂತು. ಆದರೆ 2008ರಲ್ಲಿ ಬಣ್ಣ ಹಚ್ಚಿ ಬಿಡುಗಡೆ ಮಾಡಿದ ‘ಹರಿಶ್ಚಂದ್ರ’ದ ಮಾತು ಬೇರೆ, ಆ ಕೆಲಸಕ್ಕೆ ದುಡ್ಡು ಹಾಕಿದವರು ಹಕ್ಕು ಕೇಳಿದರೆ ಇಲ್ಲ ಅನ್ನೋಕಾಗಲ್ಲ. ಜೊತೆಗೆ ಹಾಡು, ಕತೆ ಬರೆದವರ ಹಕ್ಕು ಬೇರೆಯೇ ಲೆಕ್ಕ, ಅದು ಬರೆದವರು ತೀರಿಕೊಂಡ ಮೇಲೂ 60 ವರ್ಷ ನಡೆಯುತ್ತೆ. ಹಾಗಾಗಿ ಹಳೇ ಸಿನಿಮಾ ಅಂದಮಾತ್ರಕ್ಕೆ ಪೂರ್ತಿ ನಿರಾಳ ಆಗೋ ಹಂಗಿಲ್ಲ.

ಈಗ ಬೀದಿಯಲ್ಲಿ ಜನ ಕೇಳೋದು ಯಾವ ಸಿನಿಮಾ? ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’, ‘ಗಂಧದ ಗುಡಿ’, ‘ಸಂಪತ್ತಿಗೆ ಸವಾಲ್’, ‘ಮಯೂರ’, ‘ಬಬ್ರುವಾಹನ’. 1971ರಿಂದ 77ರ ಒಳಗಿನವು. ಲೆಕ್ಕ ಹಾಕಿದರೆ ‘ಕಸ್ತೂರಿ ನಿವಾಸ’ಕ್ಕೆ 2031ರ ಕೊನೆವರೆಗೆ, ‘ಬಂಗಾರದ ಮನುಷ್ಯ’ಕ್ಕೆ 2032ರ ಕೊನೆವರೆಗೆ, ‘ಮಯೂರ’ಕ್ಕೆ 2035ರ ಕೊನೆವರೆಗೆ ಹಕ್ಕುದಾರರು ಇದ್ದಾರೆ. ಅಂದರೆ ಕಾನೂನು ಬಿಟ್ಟುಕೊಟ್ಟಿರೋ ಸಿನಿಮಾ ನಾವು ಹಾಕ್ತಿಲ್ಲ, ಹಾಕ್ತಿರೋ ಸಿನಿಮಾ ಕಾನೂನು ಬಿಟ್ಟುಕೊಟ್ಟಿಲ್ಲ.

ಹಕ್ಕುದಾರರು ಯಾರು ಅಂತ ಹುಡುಕೋದೇ ದೊಡ್ಡ ಕತೆ. ನಿರ್ಮಾಪಕರು ತೀರಿಕೊಂಡಿರ್ತಾರೆ, ಥಿಯೇಟರ್ ಹಕ್ಕು ಒಬ್ಬರಿಗೆ, ಟಿವಿ ಹಕ್ಕು ಇನ್ನೊಬ್ಬರಿಗೆ, ಆನ್‌ಲೈನ್ ಮತ್ತೊಬ್ಬರಿಗೆ ಮಾರಾಟ ಆಗಿರುತ್ತೆ. ತಾಲೂಕಿನ ಸಂಘದ ಹುಡುಗ ಗಾಂಧಿನಗರಕ್ಕೆ ಹೋಗಿ ಯಾರನ್ನ ಕೇಳ್ತಾನೆ? ಇದನ್ನ ಸುಲಭ ಮಾಡಬೇಕಾಗಿರೋದು ವಾಣಿಜ್ಯ ಮಂಡಳಿ, ಚಲನಚಿತ್ರ ಅಕಾಡೆಮಿಯಂಥ ಕಡೆ. ವರ್ಷಕ್ಕೆ ಎರಡು ದಿನ, ಟಿಕೆಟ್ ಇಲ್ಲದ ಪ್ರದರ್ಶನಕ್ಕೆ ಒಂದು ಅರ್ಜಿ, ಸಣ್ಣ ಮೊತ್ತದ ಒಂದು ಶುಲ್ಕ ಅಂತ ಮಾಡಿದರೆ ಕದ್ದು ಹಾಕೋ ಪರಿಸ್ಥಿತಿ ಇರಲ್ಲ. ಜಾಹೀರಾತೂ ಬರಲ್ಲ!

ಇನ್ನು ಜಾಗದ ವಿಷಯ. 1964ರ ಕರ್ನಾಟಕ ಸಿನಿಮಾಗಳ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದ ಜಾಗದಲ್ಲಿ ಸಿನಿಮಾ ಪ್ರದರ್ಶನ ಮಾಡೋ ಹಂಗಿಲ್ಲ, ಲೈಸೆನ್ಸ್ ಕೊಡೋ ಅಧಿಕಾರ ಜಿಲ್ಲಾ ಮ್ಯಾಜಿಸ್ಟ್ರೇಟ್, ಅಂದರೆ ಡಿಸಿ ಅವರದ್ದು. ನಮ್ಮ ಸಂಘಗಳು ಸ್ಟೇಷನ್ನಿಗೆ ಹೋಗಿ ಮೈಕ್ ಪರ್ಮಿಷನ್ ಬರೆಸಿಕೊಂಡು ಬಂದು ಎಲ್ಲ ಮುಗೀತು ಅಂದುಕೊಳ್ತವೆ. ಮೈಕಿಗೂ ರಾತ್ರಿ ಹತ್ತಕ್ಕೆ ಗಡುವು. ‘ಕಸ್ತೂರಿ ನಿವಾಸ’ವನ್ನ ಏಳೂವರೆಗೆ ಹಾಕಿ, ಅದಕ್ಕೆ ಮೊದಲು ಮೂರು ಜನ ಮುಖಂಡರ ಭಾಷಣ ಇಟ್ಟರೆ ಹತ್ತಕ್ಕೆ ಹೆಂಗೆ ಮುಗಿಯುತ್ತೆ? ಭಾನುವಾರವೂ ಅದೇ ಆಯ್ತು. ಕೊನೇ ಇಪ್ಪತ್ತು ನಿಮಿಷ ಸೌಂಡ್ ಕಮ್ಮಿ ಮಾಡಿ ಹಾಕಿದರು, ಹಿಂದಿನ ಸಾಲಿನವರಿಗೆ ಏನೂ ಕೇಳಲಿಲ್ಲ. ಭಾಷಣ ಮಾತ್ರ ಫುಲ್ ಸೌಂಡಲ್ಲಿ ಕೇಳಿತ್ತು.

ದಪ್ಪಗಾದ ಅಣ್ಣಾವ್ರು

ಹಳೇ ಸಿನಿಮಾಗಳ ಚೌಕಟ್ಟು ಹೆಚ್ಚುಕಮ್ಮಿ ಚೌಕಾಕಾರ. ಅದನ್ನ ಈಗಿನ ಅಗಲ ಪರದೆಗೆ ಪೂರ್ತಿ ತುಂಬಿಸಬೇಕು ಅಂತ ಎಳೆದರೆ ಅಣ್ಣಾವ್ರ ಮುಖ ಅಗಲ ಆಗುತ್ತೆ, ಕುದುರೆ ಕುಳ್ಳಗಾಗುತ್ತೆ. ಎರಡೂ ಬದಿ ಕಪ್ಪು ಪಟ್ಟಿ ಬಿಟ್ಟರೆ ಏನೂ ನಷ್ಟ ಇಲ್ಲ ಅಂತ ಪ್ರೊಜೆಕ್ಟರ್ ಹುಡುಗರಿಗೆ ಯಾರಾದರೂ ಹೇಳಿ. ಮೂಲೆಯಲ್ಲಿ ಯಾವುದೋ ಚಾನೆಲ್ ಲೋಗೋ, ಕೆಲವು ಕಾಪಿಗಳಲ್ಲಿ ಹಾಡೇ ಕಟ್. ಹಾಡು ಕಟ್ ಆದ ರಾಜ್‌ಕುಮಾರ್ ಸಿನಿಮಾ ಅಂದರೆ ಒಬ್ಬಟ್ಟಿಲ್ಲದ ಯುಗಾದಿ.

ಇದು ತಮಾಷೆ ಅನ್ನಿಸಬಹುದು, ಹಿಂದೆ ಒಂದು ಗಂಭೀರ ವಿಷಯ ಇದೆ. ಕನ್ನಡದ ಮೊದಲ ಮಾತಿನ ಚಿತ್ರ, 1934ರ ‘ಸತಿ ಸುಲೋಚನಾ’ದ ಪ್ರಿಂಟೇ ಇವತ್ತು ಉಳಿದಿಲ್ಲ. ಫಿಲಂ ರೀಲು ಸೆಖೆಗೆ, ತೇವಕ್ಕೆ ಹುಳಿಯುತ್ತೆ, ಡಬ್ಬ ತೆಗೆದರೆ ವಿನೆಗರ್ ವಾಸನೆ ಬರುತ್ತೆ, ಆಮೇಲೆ ಸುಕ್ಕು ಬಿದ್ದು ಪ್ರೊಜೆಕ್ಟರಿಗೆ ಹಾಕೋಕೇ ಬರಲ್ಲ. ಅಣ್ಣಾವ್ರ 200ಕ್ಕೂ ಹೆಚ್ಚು ಸಿನಿಮಾಗಳಲ್ಲಿ ಒಳ್ಳೇ ಕಾಪಿ ಜನರ ಕಣ್ಣಿಗೆ ಸಿಗ್ತಿರೋದು ಕೆಲವೇ. ‘ಕಸ್ತೂರಿ ನಿವಾಸ’ಕ್ಕೆ 2014ರಲ್ಲಿ ಬಣ್ಣ ಹಚ್ಚಿ ಟಾಕೀಸಿಗೆ ತಂದಾಗ ಜನ ಬಂದರು. ಬಣ್ಣ ಹಚ್ಚಬೇಕಾ ಬೇಡ್ವಾ ಅನ್ನೋದು ದೊಡ್ಡವರ ಜಗಳ. ನನ್ನ ಕೇಳಿದರೆ ಗೀಟು ಒರೆಸಿ, ಸೌಂಡ್ ಕ್ಲೀನ್ ಮಾಡಿ, ಕಪ್ಪು ಬಿಳುಪಲ್ಲೇ ಬಿಡಿ ಅಂತೀನಿ. ಭಾನುವಾರ ಆ ಸಣ್ಣ ಮಕ್ಕಳು ಬಣ್ಣ ಇಲ್ಲ ಅಂತ ಎದ್ದು ಹೋಗಲಿಲ್ಲ.

ಪಕ್ಕದ ರಾಜ್ಯದವರು ಏನು ಮಾಡಿದರು ನೋಡಿ. ಶಿವಾಜಿ ಗಣೇಶನ್ ಅವರ 1964ರ ‘ಕರ್ಣನ್’ ಸಿನಿಮಾವನ್ನ ಸರಿಮಾಡಿಸಿ 2012ರಲ್ಲಿ ಮತ್ತೆ ಟಾಕೀಸಿಗೆ ಬಿಟ್ಟರು. ಹೊಸ ಸಿನಿಮಾ ಥರ ಓಡಿ ನೂರು ದಿನ ದಾಟಿತು. 2024ರ ಡಿಸೆಂಬರಲ್ಲಿ ರಾಜ್ ಕಪೂರ್ ನೂರನೇ ವರ್ಷಕ್ಕೆ ಹತ್ತು ಸಿನಿಮಾಗಳನ್ನ 40 ಊರುಗಳಲ್ಲಿ ಮೂರು ದಿನ ಹಾಕಿದರು, ಟಿಕೆಟ್ 100 ರೂಪಾಯಿ. ಅದೇ ವರ್ಷ ಸೆಪ್ಟೆಂಬರಲ್ಲಿ ಅಕ್ಕಿನೇನಿ ನಾಗೇಶ್ವರರಾವ್ ಸಿನಿಮಾಗಳಿಗೂ ಹಿಂಗೇ ಆಯ್ತು. ಇವೆಲ್ಲ ಬಹುಪಾಲು ದೊಡ್ಡ ಊರಿನ ಮಲ್ಟಿಪ್ಲೆಕ್ಸ್ ಲೆಕ್ಕ, ನಮ್ಮಂಥ ತಾಲೂಕಿಗೆ ಬರಲಿಲ್ಲ ಅನ್ನೋದು ಬೇರೆ ಮಾತು. ಕನ್ನಡದಲ್ಲಿ ‘ಜಾಕಿ’, ‘ಎ’, ‘ಅಪ್ಪು’ ಮತ್ತೆ ಬಿಡುಗಡೆಯಾದಾಗ ನನ್ನ ವಯಸ್ಸಿನ ಹುಡುಗರು ಟಾಕೀಸಲ್ಲಿ ಕುಣಿದಿದ್ದನ್ನ ನೋಡಿದ್ದೀವಿ. ‘ಓಂ’ ಅಂತೂ ಎಷ್ಟು ಸಲ ಬಂತೋ ಲೆಕ್ಕವೇ ಇಲ್ಲ. ಹಳೇದು ಓಡಲ್ಲ ಅನ್ನೋದು ಸುಳ್ಳು.

ಅಣ್ಣಾವ್ರು ಹುಟ್ಟಿದ್ದು 1929ರಲ್ಲಿ. ಅಂದರೆ ನೂರನೇ ವರ್ಷ ಬರೋದು 2029ರ ಏಪ್ರಿಲ್ 24ಕ್ಕೆ. ಮೂರೇ ವರ್ಷ. ಆವತ್ತು ಬೆಂಗಳೂರಲ್ಲಿ ದೊಡ್ಡ ಸಮಾರಂಭ ಆಗೇ ಆಗುತ್ತೆ, ಅದರಲ್ಲಿ ಅನುಮಾನ ಇಲ್ಲ. ಅವರು ಹುಟ್ಟಿದ ಸೀಮೆಯ ತಾಲೂಕು ಕೇಂದ್ರದಲ್ಲಿ ಅವರ ಸಿನಿಮಾ ಹಾಕೋಕೆ ಆವತ್ತು ಒಂದು ಟಾಕೀಸಾದರೂ ಇರುತ್ತಾ? ನಮ್ಮೂರ ಟಾಕೀಸಿನ ಜಾಗ ನೋಡೋಕೆ ಈಗಾಗಲೇ ಎರಡು ಸಲ ಬೇರೆ ಊರಿನ ಕಾರು ಬಂದು ಹೋಗಿದೆ ಅಂತ ಎದುರಿನ ಅಂಗಡಿಯವರೆಲ್ಲ ಹೇಳ್ತಾರೆ. ಮಾಲೀಕರು ಇಲ್ಲ ಅನ್ನಲಿಲ್ಲ, ಹೌದು ಅಂತಲೂ ಅನ್ನಲಿಲ್ಲ.

ಹತ್ತರ ಆಟ ಸಿಗುತ್ತಾ?

ಟಾಕೀಸಿನವರನ್ನ ನೇರವಾಗಿ ಕೇಳಿದೆ: ಅಣ್ಣಾವ್ರ ಹುಟ್ಟುಹಬ್ಬಕ್ಕೆ ಬೆಳಗ್ಗೆ ಒಂದು ಆಟ ಕೊಡ್ತೀರಾ? ಅವರ ಮಾತು ಹಿಂಗಿತ್ತು. ಈಗ ರೀಲ್ ಡಬ್ಬ ಬಸ್ಸಲ್ಲಿ ಬರೋ ಕಾಲ ಅಲ್ಲ, ಡಿಜಿಟಲ್‌ನಲ್ಲಿ ಇರೋ ಸಿನಿಮಾ ಆದರೆ ವಿತರಕರ ಜೊತೆ ಮಾತಾಡಿ ತರಿಸಬಹುದು. ಹಕ್ಕಿನ ತಲೆನೋವು ಅಲ್ಲಿಗೆ ಮುಗೀತು, ಲೈಸೆನ್ಸ್ ಟಾಕೀಸಿಗೆ ಇದ್ದೇ ಇದೆ. ಕರೆಂಟು, ಕೆಲಸದವರ ಕೂಲಿ ಹುಟ್ಟಬೇಕು, ಅದಕ್ಕೆ ಇಷ್ಟು ಟಿಕೆಟ್ ಅಂತ ಮೊದಲೇ ಯಾರಾದರೂ ಜವಾಬ್ದಾರಿ ತಗೋಬೇಕು. ಆದರೆ ಒಂದು ತೊಡಕು. ಈ ಸಲ 24 ಬಿದ್ದಿರೋದು ಶುಕ್ರವಾರ. ಹೊಸ ಸಿನಿಮಾ ಬರೋ ದಿನ ಬೆಳಗ್ಗೆ ಆಟ ಬಿಟ್ಟುಕೊಡೋಕೆ ಆಗಲ್ಲ. 26ರ ಭಾನುವಾರ ಬೆಳಗ್ಗೆ ಹತ್ತಕ್ಕೆ ಆದರೆ ನೋಡೋಣ.

ಇದು ನನಗೆ ಸರಿ ಅನ್ನಿಸ್ತು. ಮೂರು ಬೀದಿಯವರು ಬೇರೆ ಬೇರೆ ಎತ್ತೋ ಚಂದಾ ಒಟ್ಟು ಸೇರಿಸಿದರೆ ಒಂದು ಆಟದ ಟಿಕೆಟ್ಟಿಗೆ ಸಾಕಾಗಬಹುದು ಅಂತ ನನ್ನ ಅಂದಾಜು. ಶಾಮಿಯಾನ ಬೇಡ, ಮೈಕ್‌ಸೆಟ್ ಬೇಡ, ಜನರೇಟರ್ ಬೇಡ, ರಸ್ತೆ ಬಂದ್ ಬೇಡ. ಅಂಗಡಿಯವರು ಕೊಡೋ ದುಡ್ಡಿಗೆ ರಸೀದಿ ಬದಲು ಟಿಕೆಟ್ ಕೊಡಿ. ಅವರು ಬರಲ್ಲ ಅಂದರೆ ಅಂಗಡಿ ಕೆಲಸದ ಹುಡುಗರಿಗೆ, ಪೌರಕಾರ್ಮಿಕರಿಗೆ ಕೊಡಲಿ. ಅಜ್ಜಿಯರನ್ನ ಕರೆತರೋಕೆ ನಾಲ್ಕು ಆಟೋ ಸಾಕು, ಆಟೋ ಸ್ಟ್ಯಾಂಡಿನ ಹುಡುಗರು ಅಣ್ಣಾವ್ರ ಫೋಟೋ ಅಂಟಿಸಿಕೊಂಡು ಓಡಾಡ್ತಾರಲ್ಲ, ಒಂದು ಬೆಳಗ್ಗೆ ಬಾಡಿಗೆ ಬಿಡಲಿ. ಮಂಡಿ ನೋವಿನವರಿಗೆ ಮೆಟ್ಟಿಲಿಲ್ಲದ ಕೆಳಗಿನ ಸಾಲು ಬಿಟ್ಟುಕೊಡಿ.

ಬೀದಿ ಪರದೆಗೂ ಜಾಗ ಇದೆ. ಟಾಕೀಸೇ ಇಲ್ಲದ ಹೋಬಳಿಗಳಲ್ಲಿ, ಹಾಡಿಗಳಲ್ಲಿ ಅದು ಬೇಕೇ ಬೇಕು. ಅಲ್ಲಿ ‘ರಣಧೀರ ಕಂಠೀರವ’ ಹಾಕಿ ನೋಡಿ, ಆ ಕುಸ್ತಿ, ಆ ಕತ್ತಿವರಸೆ ನೋಡಿದರೆ ಹುಡುಗರು ಸ್ಕೋರ್ ಮರೀತಾರೆ. ಕಾಡಂಚಿನ ಊರುಗಳಲ್ಲಿ ‘ಗಂಧದ ಗುಡಿ’ ಕೇಳ್ತಾರೆ. ಹಕ್ಕಿನ ಮಾತು ಇದ್ದೇ ಇದೆ, ಆದರೂ ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಬುಡದಲ್ಲಿ ಕೂತು ಅರಣ್ಯಾಧಿಕಾರಿಯ ಸಿನಿಮಾ ನೋಡೋದರಲ್ಲಿ ಬೇರೆಯೇ ಅರ್ಥ ಇದೆ ಅಂತ ಒಪ್ಪಬೇಕು. ಅರಣ್ಯ ಇಲಾಖೆಯವರೇ ಮುಂದೆ ಬಂದು ಅನುಮತಿ ತಂದು ಹಾಕಿಸಿದರೆ ಕರಪತ್ರಕ್ಕೆ ಸುರಿಯೋ ದುಡ್ಡು ಉಳಿಯುತ್ತೆ. ಹೆಂಡದ ಅಂಗಡಿ ವಿರುದ್ಧ ಹೆಂಗಸರು ಎದ್ದಿರೋ ಹಳ್ಳಿಗಳಿಗೆ 1992ರ ‘ಜೀವನ ಚೈತ್ರ’ ಇದೆ. ಆ ಸಿನಿಮಾ ಬಂದಾಗ ಸಾರಾಯಿ ಅಂಗಡಿ ಮುಚ್ಚಿಸಿದ ಕತೆ ಈಗಲೂ ಹಿರಿಯರ ಬಾಯಲ್ಲಿದೆ.

ನಿನ್ನೆ ಸಂಜೆ ಇದನ್ನೆಲ್ಲ ಎರಡು ಸಂಘದ ಹುಡುಗರಿಗೆ ಹೇಳಿದೆ. ಒಂದು ಕಡೆಯವರು ಶಾಮಿಯಾನಕ್ಕೆ ಅಡ್ವಾನ್ಸ್ ಕೊಟ್ಟಾಗಿದೆ, ಮುಖಂಡರಿಗೆ ಹೇಳಿಯೂ ಆಗಿದೆ ಅಂದರು. ಇನ್ನೊಂದು ಕಡೆಯವರು ಭಾನುವಾರ ಟಾಕೀಸಾದರೆ ಭಾಷಣಕ್ಕೆ ಸ್ಟೇಜ್ ಇರುತ್ತಾ ಅಂತ ಕೇಳಿದರು. ಪರದೆ ಮುಂದೆ ಮೂರಡಿ ಜಾಗ ಇದೆ ಅಂದೆ. ಯೋಚನೆ ಮಾಡ್ತೀವಿ ಅಂದಿದ್ದಾರೆ. ಸಿನಿಮಾ ಯಾವುದು ಅಂತ ಮಾತ್ರ ಆಗಲೇ ಜಗಳ ಶುರುವಾಗಿದೆ: ಹಿರಿಯರು ‘ಬಂಗಾರದ ಮನುಷ್ಯ’ ಅಂತಾರೆ, ಹುಡುಗರು ‘ಶಂಕರ್ ಗುರು’, ಮೆಟ್ಟಿಲ ಮೇಲೆ ಕೂತು ನೋಡಿದ್ದ ಬಟ್ಟೆ ಅಂಗಡಿಯವರು ಯಾವುದಾದರೂ ಹಾಕಿ, ನಗೋದು ಹಾಕಿ ಅಂತ ಹೇಳಿ ಕಳಿಸಿದ್ದಾರೆ.